ಗೋಡೆ ಕೊಟ್ಟದ್ದು, ಗಾಡಿ ಹೇಳಿದ್ದು

ಸ್ವಂತ ಗಾಡಿಯಿಲ್ಲದೆ, ಕರೆದವರ ಗಾಡಿಯನ್ನು ಕರೆದ ದಿನ ಓಡಿಸುವವನನ್ನು ಹುಣಸೂರಿನಲ್ಲಿ ಆ್ಯಕ್ಟಿಂಗ್ ಡ್ರೈವರ್ ಅನ್ನುತ್ತಾರೆ. ನನ್ನ ಮಟ್ಟಿಗೆ ಈ ಹೆಸರು ಎರಡು ರೀತಿಯಲ್ಲಿ ನಿಜ. ಡ್ರೈವಿಂಗ್ ಇಲ್ಲದ ದಿನ ನಾನು ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುತ್ತೇನೆ. ನನ್ನ ಡ್ರೈವಿಂಗ್ ನೋಡಿದವರು ಮಿಮಿಕ್ರಿಯನ್ನೇ ಹಿಡ್ಕೊ ಎನ್ನುತ್ತಾರೆ, ಮಿಮಿಕ್ರಿ ನೋಡಿದವರು ಡ್ರೈವಿಂಗ್ ಬಿಡಬೇಡ ಎನ್ನುತ್ತಾರೆ. ಎರಡೂ ಕಡೆಯವರ ಮಾತು ಕೇಳಿಕೊಂಡು ಎರಡನ್ನೂ ಅರ್ಧರ್ಧ ಮಾಡುತ್ತ ಬಂದಿದ್ದೇನೆ.

ಸ್ಟೇಜಿನಲ್ಲಿ ಟೈಲರ್ ಬಾಯಲ್ಲಿ ಸೂಜಿ ಕಚ್ಚಿಕೊಂಡು ಮಾತಾಡುವುದನ್ನು ಮಾಡುತ್ತೇನೆ, ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವುದನ್ನು ಮಾಡುತ್ತೇನೆ, ನನಗೆ ಪಿಯುಸಿಯಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನನ್ನ ಮಾರ್ಕ್ಸ್ ಓದಿ ನಿಟ್ಟುಸಿರು ಬಿಟ್ಟದ್ದನ್ನೂ ಮಾಡುತ್ತೇನೆ. ಆದರೆ ನಾನು ಕಾರು ಓಡಿಸುವ ಕಣ್ಣಿನ ಕ್ಲಿನಿಕ್ಕಿನವರು ಎಲ್ಲೇ ಸಿಕ್ಕಲಿ, ಕೇಳುವುದು ಒಂದೇ: "ಲೋ, ಮೀಟ್ರಪ್ಪನದು ಮಾಡೋ." ಅದನ್ನು ನಾನು ಬಿಟ್ಟು ಸುಮಾರು ದಿನವಾಯಿತು. ಮರೆತುಹೋಗಿದೆ ಎಂದು ಸುಳ್ಳು ಹೇಳುತ್ತೇನೆ.

ಮೀಟ್ರಪ್ಪನವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಒಬ್ಬರಿಗೂ ಗುರುತು ಸಿಗುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಣಸೂರಿನ ಬೀದಿಬೀದಿ ತಿರುಗಿ ಕರೆಂಟ್ ಮೀಟರ್ ಓದಿದವರು ಅವರು. ಸಣಕಲು ಮೈ, ಕಂಕುಳಲ್ಲಿ ಪುಸ್ತಕ, ಹಗಲಲ್ಲೂ ಜೇಬಿನಲ್ಲಿ ಟಾರ್ಚು. ರಸ್ತೆಯಲ್ಲಿ ಅವರ ಜೊತೆ ನಡೆದರೆ, ಎದುರು ಬಂದ ಹೆಂಗಸರು ನಮಸ್ಕಾರ ಅನ್ನುವುದಕ್ಕೆ ಬದಲು, "ನಾಯಿ ಕಟ್ಟಾಕಿವ್ನಿ, ಓಗಿ ನೋಡ್ಕಳಿ" ಅಂದುಬಿಡುತ್ತಿದ್ದರು. ರಿಟೈರ್ ಆದಮೇಲೂ.

ಒಂದು ಸಲ ನನ್ನ ಪ್ರೋಗ್ರಾಮ್ ಇದ್ದ ಮದುವೆಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಉಡುಗೊರೆಯ ಗೋಡೆ ಗಡಿಯಾರ. ಬಾಗಿಲಲ್ಲಿ ನಿಂತಿದ್ದ ಹೆಣ್ಣಿನ ಕಡೆಯ ಯಜಮಾನರು ಅವರನ್ನು ನೋಡಿದವರೇ, "ಬನ್ನಿ ಬನ್ನಿ, ಇಲ್ಲಿ ಅದೆ" ಎಂದು ಕೈಹಿಡಿದು ಸೀದಾ ಛತ್ರದ ಹಿಂದಿನ ಮೀಟರ್ ಬೋರ್ಡಿನ ಹತ್ತಿರ ಕರೆದೊಯ್ದರು. ಮೀಟ್ರಪ್ಪ ತಾನು ಊಟಕ್ಕೆ ಬಂದವನು ಅನ್ನಲಿಲ್ಲ. ಟಾರ್ಚು ತೆಗೆದು ನೋಡಿ, "ಸರಿಯಾಗಿ ಅದೆ ಬುಡಿ" ಅಂದು, ಗಡಿಯಾರದ ಡಬ್ಬವನ್ನು ನನ್ನ ಕೈಗೆ ಕೊಟ್ಟು ಹೊರಟುಬಿಟ್ಟರು. ನಾನು ಅದನ್ನೇ ಐಟಂ ಮಾಡಿಕೊಂಡು ಒಂದು ತಿಂಗಳು ನಗಿಸಿದೆ.

"ನೀವು ಹುಣಸೂರಲ್ಲಿ ನೋಡ್ದೆ ಇರೋ ಮನೇನೇ ಇಲ್ವೇನೋ," ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾರ್ ಮನೇನೂ ನೋಡಿವ್ನಿ ಕಣ್ಲಾ," ಅಂದರು. "ಜಗುಲಿ ಗಂಟ."

ರಿಟೈರ್ ಆದಮೇಲೆ ಅವರು ನಮ್ಮ ಕಣ್ಣಿನ ಡಾಕ್ಟ್ರಮ್ಮನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡಲು ಸೇರಿದರು. ಮದುವೆಯಾಗಿರಲಿಲ್ಲ. ಹಿಂದಿನ ಬೀದಿಯಲ್ಲಿ ಒಂದು ರೂಮು, ಒಂದು ಸ್ಟವ್ವು, ಒಂದು ಫ್ಯಾನು. ಕ್ಲಿನಿಕ್ಕಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಹೋಗುವುದಕ್ಕೆ ಏನಾದರೂ ನೆವ ಹುಡುಕುತ್ತಿದ್ದರು. ಆ ನೆವ ಒಂದು ದಿನ ನಾಲ್ಕು ಚಕ್ರದ ಮೇಲೆ ಬಂತು.

ಡಾಕ್ಟ್ರಮ್ಮ ವಾರಕ್ಕೆ ಮೂರು ದಿನ ಹೊರಗಡೆ ಕ್ಯಾಂಪ್ ಮಾಡುತ್ತಾರೆ. ಸೋಮವಾರ ಎಚ್.ಡಿ. ಕೋಟೆ, ಬುಧವಾರ ಪಿರಿಯಾಪಟ್ಟಣ, ಶುಕ್ರವಾರ ಕೆ.ಆರ್. ನಗರ. ಈ ಓಡಾಟಕ್ಕೆಂದು ಮೈಸೂರಿನ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ಹೈಬ್ರಿಡ್ ಕಾರು ತಂದರು. ಅಂದರೆ ಅದರಲ್ಲಿ ಪೆಟ್ರೋಲ್ ಟ್ಯಾಂಕೂ ಉಂಟು, ಗೋಡೆಯ ಪಾಯಿಂಟಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಬ್ಯಾಟರಿಯೂ ಉಂಟು. ಮೊದಲು ಕರೆಂಟಿನಲ್ಲಿ ಓಡುತ್ತದೆ, ಅದು ಮುಗಿದಮೇಲೆ ಪೆಟ್ರೋಲ್ ಇಂಜಿನ್ ಎದ್ದು ಕೂರುತ್ತದೆ. ಮಾರಿದವರು ಲೀಟರಿಗೆ ಅಷ್ಟು ಕೊಡುತ್ತದೆ ಇಷ್ಟು ಕೊಡುತ್ತದೆ ಎಂದು ಬಾಯಿತುಂಬ ಹೇಳಿದ್ದರು. ಡಾಕ್ಟ್ರಮ್ಮ ಪರೀಕ್ಷೆ ಮಾಡದೆ ಒಂದು ಕನ್ನಡಕದ ನಂಬರನ್ನೂ ನಂಬದವರು.

"ಯಾರಾದ್ರೂ ಒಬ್ರು ದಿನಾ ಬರೆದಿಡಬೇಕು," ಅಂದರು. "ಎಷ್ಟು ಯೂನಿಟ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರ್. ಗಾಡಿ ಇರೋವರೆಗೂ."

ಟೋಕನ್ ಟೇಬಲ್ಲಿನಿಂದ ಮೀಟ್ರಪ್ಪ ಎದ್ದು ನಿಂತೇಬಿಟ್ಟರು. "ನಾನ್ ಬರೀತೀನಿ ಮೇಡಂ. ಆದ್ರೆ ಪುಸ್ತಕ ನನ್ತಾವೇ ಇರ್ಬೇಕು. ಬ್ಯಾರೆಯೋರ್ ಕೈಗೆ ಕೊಡಾಕಿಲ್ಲ."

ಆ ದಿನದಿಂದ ಮುಂದಿನ ಸೀಟು ಅವರದಾಯಿತು. ಪುಸ್ತಕವಿದ್ದರೆ ಸೀಟು, ಸೀಟಿದ್ದರೆ ಮೂರು ಊರು, ಮೂರು ಊರಿದ್ದರೆ ಮಾತಿಗೆ ನಾನು. ಆ ಪುಸ್ತಕ ಕೈಬಿಟ್ಟರೆ ಅವರಿಗೆ ಉಳಿಯುತ್ತಿದ್ದದ್ದು ರೂಮು ಮತ್ತು ಫ್ಯಾನು. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ರೇಗಿಸುತ್ತಿದ್ದೆ. ರೇಗಿಸದೆ ಇದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಮೊದಲ ದಿನವೇ ಅವರು ಡ್ಯಾಶ್‌ಬೋರ್ಡಿನ ಮಾತನ್ನು ತಳ್ಳಿಹಾಕಿದರು. ಶೆಡ್ಡಿನ ಹದಿನಾರು ಆಂಪ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ ಕರೆಸಿ ಬೇರೆಯೇ ಒಂದು ಸಬ್ ಮೀಟರ್ ಹಾಕಿಸಿದರು. ಅಂಕಿಯ ಚಕ್ರಗಳು ತಿರುಗುವ ಹಳೇ ಕಾಲದ ಮೀಟರು. ಪುಸ್ತಕದಲ್ಲಿ ಗೆರೆ ಎಳೆದು ಮೇಲೆ ಬರೆದರು: ಗೋಡೆ ಕೊಟ್ಟದ್ದು. ಗಾಡಿ ಹೇಳಿದ್ದು. ಬಂಕು ಹಾಕಿದ್ದು. ಓಡಿದ್ದು.

"ಗೋಡೆ ಹನ್ನೊಂದು ಯೂನಿಟ್ ಕೊಟ್ಟದೆ, ಗಾಡಿ ಒಂಬತ್ತೂವರೆ ಬಂತು ಅಂತದೆ. ಯಾರ್ದು ಸುಳ್ಳು?" ಎಂದು ನಾನು ಪೊಲೀಸಿನವನ ದನಿಯಲ್ಲಿ ಕೇಳಿದೆ.

"ಯಾರ್ದೂ ಸುಳ್ಳಲ್ಲ. ಕೇಬಲ್ ಮುಟ್ಟು."

ಮುಟ್ಟಿದೆ. ಬೆಚ್ಚಗಿತ್ತು.

"ಮಿಕ್ಕಿದ್ದು ಅದೇ ಕಣ್ಲಾ. ಬಿಸಿಯಾಗಿ ಓಯ್ತದೆ. ಕೊಟ್ಟೋರ್ ಲೆಕ್ಕದಲ್ಲಿ ಅದೆ, ಇಸ್ಕಂಡೋರ್ ಲೆಕ್ಕದಲ್ಲಿಲ್ಲ."

ಪಿರಿಯಾಪಟ್ಟಣದ ಬುಧವಾರ ಅವರಿಗೆ ಬಲು ಇಷ್ಟ. ಹೋಗುವಾಗ ಪೂರ್ತಿ ಕರೆಂಟಿನಲ್ಲಿ ಹೋಗುತ್ತಿದ್ದೆವು. ವಾಪಸ್ ಬರುವಾಗ ಕಂಪಲಾಪುರದ ಆಸುಪಾಸಿನಲ್ಲಿ ಬ್ಯಾಟರಿ ಮುಗಿದು ಇಂಜಿನ್ ಗುರ್ ಅನ್ನುತ್ತಿತ್ತು. ಆ ಗುರ್ ಕೇಳುವುದಕ್ಕೆಂದೇ ಅವರು ಐದು ನಿಮಿಷ ಮೊದಲೇ ಮಾತು ನಿಲ್ಲಿಸುತ್ತಿದ್ದರು. ಇಂಜಿನ್ ಎದ್ದ ಕೂಡಲೇ ರಸ್ತೆ ಬದಿ ಏನಿದೆ ಎಂದು ನನ್ನನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು: ಹೊಗೆಸೊಪ್ಪು ಒಣಗಿಸುವ ಬ್ಯಾರನ್ ದಾಟಿ, ಹುಣಿಸೆಮರದ ಮುಂದೆ. ಮಾರನೆಯ ವಾರ ಮರದಿಂದ ನಾಲ್ಕು ಮಾರು ಹಿಂದೆಯೇ ಇಂಜಿನ್ ಎದ್ದರೆ ನನ್ನ ಕಡೆ ತಿರುಗಿ, "ಎಲ್ಲೋ ಜೋರಾಗ್ ತುಳ್ದಿದೀಯ" ಅನ್ನುತ್ತಿದ್ದರು. ತುಳಿದಿರುತ್ತಿದ್ದೆ.

ತಿಂಗಳಿಗೊಮ್ಮೆ ಬೈಲಕುಪ್ಪೆಗೂ ಹೋಗುತ್ತಿದ್ದೆವು. ಅಲ್ಲಿ ಸ್ವೆಟರ್ ಅಂಗಡಿಯ ಒಬ್ಬ ಟಿಬೆಟನ್ ಅಜ್ಜ, ಕನ್ನಡದಲ್ಲಿ ನನಗಿಂತ ಜೋರು. ಕಾರಿನ ಬಾನೆಟ್ ತಟ್ಟಿ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ: "ಎಷ್ಟ್ ಕೊಡ್ತದೆ ಸ್ವಾಮಿ?"

ಮೀಟ್ರಪ್ಪ ಗಂಭೀರವಾಗಿ ಕೇಳಿದರು: "ಏನ್ ಕುಡ್ದು?"

ಅಜ್ಜ ಅಂಗಡಿಯೊಳಗೆ ಹೋಗಿ ಸ್ಟೂಲು ತಂದುಹಾಕಿದ. ಅರ್ಧ ಗಂಟೆ ಇಬ್ಬರೂ ಪುಸ್ತಕ ಬಿಡಿಸಿಕೊಂಡು ಕೂತರು. ಹುಣಸೂರಿನಲ್ಲಿ ಅವರಿಗೆ ಯಾರೂ ಸ್ಟೂಲು ಹಾಕಿದ್ದನ್ನು ನಾನು ಕಂಡಿಲ್ಲ.

ಅವರು ತಪ್ಪೇ ಮಾಡದ ಮನುಷ್ಯ ಅಂದುಕೊಳ್ಳಬೇಡಿ. ಮೊದಲ ಎರಡು ತಿಂಗಳು ಕಾರಿನ ಮೈಲೇಜು ವಿಪರೀತ ಚೆನ್ನಾಗಿ ಬಂತು. ಡಾಕ್ಟ್ರಮ್ಮ ಖುಷಿಯಾಗಿದ್ದರು. ಖುಷಿಯ ಸುದ್ದಿ ಬಂದರೆ ಮೀಟ್ರಪ್ಪನಿಗೆ ಅನುಮಾನ. ಬಂಕಿನ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತರು. ಆಮೇಲೆ ತಲೆ ಚಚ್ಚಿಕೊಂಡರು.

ಆಗಿದ್ದೇನೆಂದರೆ, ಹಳೇ ಮೀಟರಿನಲ್ಲಿ ಕೊನೆಯ ಅಂಕಿ ಕೆಂಪು. ಅದು ಪಾಯಿಂಟಿನ ಆಚೆಯದು, ಅದನ್ನು ಬರೆಯುವುದಿಲ್ಲ. ಮೂವತ್ತು ವರ್ಷ ಬಿಟ್ಟೂ ಬಿಟ್ಟೂ ಅವರ ಕಣ್ಣಿಗೆ ಪಾಯಿಂಟಿನ ಆಚೆ ಏನೂ ಕಾಣದಂತಾಗಿತ್ತು. ಬಂಕಿನಲ್ಲಿ ಹದಿನೆಂಟು ಪಾಯಿಂಟ್ ಒಂಬತ್ತು ಲೀಟರ್ ಬಿದ್ದರೆ ಪುಸ್ತಕದಲ್ಲಿ ಹದಿನೆಂಟು.

"ಮೀಟ್ರು ಮರೆಯಾಕಿಲ್ಲ ಕಣ್ಲಾ," ಎಂದು ನನಗೆ ವಿವರಿಸಿದರು. ದನಿಯಲ್ಲಿ ನಾಚಿಕೆಯಿತ್ತು. "ಇವತ್ತು ಬುಟ್ಟಿದ್ದು ಮುಂದಿನ್ ರೀಡಿಂಗ್‌ಗೆ ಸೇರ್ಕತದೆ. ಬಂಕು ಅಂಗಲ್ಲ. ಪ್ರತಿ ಸಲಾನೂ ಸೊನ್ನೆಯಿಂದ ಸುರು. ಬುಟ್ಟಿದ್ದು ಬುಟ್ಟಂಗೇ ಓಯ್ತು."

ಎರಡು ತಿಂಗಳ ಅಂಕಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಡಾಕ್ಟ್ರಮ್ಮನ ಮುಂದೆ ಹಿಡಿದು, ಕ್ಷಮಿಸಿ ಅಂದರು. ಅವರು ನಕ್ಕು, ಪರವಾಗಿಲ್ಲ ಬಿಡಿ ಅಂದರೂ ಇವರು ಮಧ್ಯಾಹ್ನ ಊಟ ಮಾಡಲಿಲ್ಲ.

ಭಾನುವಾರ ಕ್ಲಿನಿಕ್ಕಿಗೆ ರಜ. ಒಂದು ಭಾನುವಾರ ನಾನು ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ಚಾರ್ಜರು ತರಲು ಹೋದರೆ (ಕಾರಿನದಲ್ಲ, ನನ್ನ ಫೋನಿನದು), ಮೀಟ್ರಪ್ಪ ಕಾರಿನ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದರು.

"ಗಾಡೀನೇ ಆಚೆ ಓಗಿಲ್ಲ, ಏನ್ ಬರೀತೀರಾ?"

"ನಿಂತಿದ್ರೂ ಒಸಿ ಕುಡೀತದೆ. ನೋಡ್ಬೇಕಲ್ಲ."

"ಅದು ಕುಡಿಯೋದಿರ್ಲಿ, ನೀವ್ ಕಾಫಿ ಕುಡುದ್ರಾ?"

"ನೀನ್ ಕುಡೀತೀಯಾ? ರೂಮಲ್ಲಿ ಆಲು ಅದೆ," ಎಂದು ಎದ್ದೇಬಿಟ್ಟರು. ನನಗೆ ಅರ್ಜೆಂಟಿತ್ತು. ಇನ್ನೊಂದಿನ ಬತ್ತೀನಿ ಅಂದೆ. ಅರ್ಜೆಂಟ್ ಏನಿತ್ತು ಎಂದು ಈಗ ಎಷ್ಟು ನೆನಪಿಸಿಕೊಂಡರೂ ಹೊಳೆಯುವುದಿಲ್ಲ.

ಒಂದು ವರ್ಷ ಕಳೆಯುವ ಹೊತ್ತಿಗೆ ಪುಸ್ತಕದಲ್ಲಿ ಏನೋ ಏರುಪೇರು ಶುರುವಾಯಿತು. ಮೂರು ಇರಬೇಕಾದಲ್ಲಿ ಎಂಟು, ಒಂದು ಇರಬೇಕಾದಲ್ಲಿ ಏಳು. ಮಾರನೆಯ ದಿನ ಅವರೇ ಕಂಡುಹಿಡಿದು ತಿದ್ದುತ್ತಿದ್ದರು. ಕೆಲವೊಮ್ಮೆ ನನ್ನನ್ನು ಕರೆದು, "ಇದು ಮೂರಾ ಎಂಟಾ ನೋಡ್ಲಾ, ಬೆಳಕು ಸಾಲ್ದು" ಅನ್ನುತ್ತಿದ್ದರು. ಬೆಳಗಿನ ಹತ್ತು ಗಂಟೆ, ಶೆಡ್ಡಿಗೆ ಬಾಗಿಲೇ ಇರಲಿಲ್ಲ. "ಲಾಟರಿ ನಂಬರ್ ಕೇಳ್ದಂಗೆ ಕೇಳ್ತೀರಲ್ಲ," ಎಂದು ನಾನು ನಕ್ಕೆ.

ಆಯುಧಪೂಜೆ ಬಂತು. ಕಾರು ತೊಳೆದು, ಚೆಂಡುಹೂವು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಮೀಟ್ರಪ್ಪ ಸಬ್ ಮೀಟರಿಗೆ ವಿಭೂತಿ ಎಳೆದು ಕುಂಕುಮ ಇಟ್ಟರು. ಗಾಜಿಗೆ ತಾಗದಂತೆ, ಅಂಕಿ ಮುಚ್ಚದಂತೆ. ಪೂಜೆ ಮುಗಿದು ಎಲ್ಲರೂ ಕಡ್ಲೆಪುರಿ ಹಿಡಿದು ಕೂತಾಗ ಕ್ಲಿನಿಕ್ಕಿನ ಸಿಸ್ಟರ್ ಅಂದರು, "ಏನಾದ್ರೂ ಮಾಡೋ."

ನಾನು ಮೀಟ್ರಪ್ಪನನ್ನು ಮಾಡಿದೆ. ಎಡಗೈ ಹುಬ್ಬಿನ ಮೇಲೆ. ಗದ್ದ ಮೇಲಕ್ಕೆ. ಮುಖವನ್ನು ಪೂರಾ ಬಲಕ್ಕೆ ತಿರುಗಿಸಿ, ಬಾಗಿಲ ಸಂದಿಯಿಂದ ಪಕ್ಕದ ಮನೆ ಜಗಳ ನೋಡುವವರ ಹಾಗೆ ಕಣ್ಣಿನ ಮೂಲೆಯಿಂದ ಮೀಟರ್ ನೋಡುತ್ತ, "ನಾಕು... ಸೊನ್ನೆ... ಇದು ಮೂರಾ, ಎಂಟಾ, ಮೂರಾ... ಕೆಂಪಂಕಿ ಬುಡು!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲ ಹತ್ತಿರ ಕೂತಿದ್ದ ಅವರೂ ಪುರಿ ಚೆಲ್ಲಿಕೊಂಡು ನಕ್ಕರು.

ಡಾಕ್ಟ್ರಮ್ಮನೂ ನಗುತ್ತಿದ್ದರು. ಆಮೇಲೆ ನಗು ನಿಂತಿತು.

"ಇನ್ನೊಂದ್ಸಲ ಮಾಡೋ."

ಒನ್ಸ್ ಮೋರ್ ಸಿಕ್ಕಿದ ಕಲಾವಿದನಿಗೆ ಇನ್ನೇನು ಬೇಕು. ಇನ್ನೂ ಜೋರಾಗಿ ಮಾಡಿದೆ.

"ಯಾವಾಗ್ಲೂ ಅದೇ ಕಡೆಗೆ ತಿರುಗ್ತಾರಾ?"

"ಹೂಂ ಮೇಡಂ. ಮೊದ್ಲು ಒಸಿ ತಿರುಗೋರು, ಈಗೀಗ ಪೂರ್ತಿ. ಇಂಚಿಂಚೂ ನೋಡಿಟ್ಟಿದೀನಿ ಮೇಡಂ, ಆರ್ಟಿಸ್ಟ್ ಕಣ್ಣು," ಎಂದು ಎದೆ ತಟ್ಟಿಕೊಂಡೆ.

ಅವರು ಪುರಿಯ ತಟ್ಟೆ ಕೆಳಗಿಟ್ಟು ಮೀಟ್ರಪ್ಪನ ಕಡೆ ತಿರುಗಿದರು. "ಒಳಗೆ ಬನ್ನಿ. ಸ್ವಲ್ಪ ಕಣ್ಣು ನೋಡೋಣ."

ಕಣ್ಣಿನ ಕ್ಲಿನಿಕ್ಕಿನಲ್ಲಿ ಅಷ್ಟು ವರ್ಷ ಕೂತಿದ್ದರು. ಅವರ ಬೆನ್ನ ಹಿಂದಿನ ಗೋಡೆಯಲ್ಲೇ ದೊಡ್ಡಕ್ಷರ ಸಣ್ಣಕ್ಷರದ ಬೋರ್ಡಿತ್ತು. ಒಂದು ದಿನವೂ ಯಾರೂ ಅವರನ್ನು ಆ ಕಡೆ ತಿರುಗಿಸಿ ಕೂರಿಸಿರಲಿಲ್ಲ.

ಬಾಗಿಲು ಅರ್ಧ ತೆರೆದಿತ್ತು. ಕೇಳಿಸುತ್ತಿತ್ತು.

"ಯಾವಾಗಿನಿಂದ?"

"ಓದ್ ಬ್ಯಾಸ್ಗೆಯಿಂದ ಮೇಡಂ. ನಡೂಮಧ್ಯ ಒಂದು ಮಸಿ ಇದ್ದಂಗೆ. ನೆಟ್ಟುಗ್ ನೋಡುದ್ರೆ ಅಂಕಿ ಇರಾಕಿಲ್ಲ. ಓರೆಯಾಗ್ ನೋಡುದ್ರೆ ಬತ್ತದೆ."

"ನನಗ್ಯಾಕೆ ಹೇಳ್ಲಿಲ್ಲ?"

ಕುರ್ಚಿ ಕಿರ್ ಅಂದಿತು. ಆಮೇಲೆ, "ಯೋಳುದ್ರೆ ಪುಸ್ತಕ ಇಸ್ಕತಿದ್ರಲ್ಲ ಮೇಡಂ."

ಅದು ಪೊರೆಯಲ್ಲ, ಕಣ್ಣಿನ ಒಳಪರದೆಯ ನಡುಭಾಗವೇ ಸವೆದಿದೆ, ಕನ್ನಡಕಕ್ಕೂ ಆಪರೇಷನ್ನಿಗೂ ಸಿಗುವುದಲ್ಲ, ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು ಅಷ್ಟೆ ಎಂದು ಡಾಕ್ಟ್ರಮ್ಮ ನಿಧಾನವಾಗಿ ಹೇಳಿದರು. ಹೊರಗೆ ಸಿಸ್ಟರ್ ನನ್ನ ಬೆನ್ನು ತಟ್ಟಿ, ನಿನ್ನಿಂದ ಒಳ್ಳೇದೇ ಆಯ್ತು ಕಣೋ ಅಂದರು. ಒಬ್ಬರ ಕಾಯಿಲೆಯನ್ನು ನಾನು ಆರು ತಿಂಗಳಿಂದ ಸ್ಟೈಲು ಅಂದುಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೆ.

ಪುಸ್ತಕ ನನ್ನ ಕೈಗೆ ಬಂತು. ಆದರೆ ಡಾಕ್ಟ್ರಮ್ಮ ಒಂದು ದಾರಿ ಮಾಡಿದರು. "ಇವನು ಮೀಟರ್ ನೋಡಿ ನಿಮಗೆ ಹೇಳ್ಲಿ. ಕೂಡಿ ಕಳೆದು ನೀವು ಹೇಳಿ, ಇವನು ಬರೀಲಿ. ಪುಸ್ತಕ ನಿಮ್ಮದೇ."

ಮೀಟ್ರಪ್ಪ ನನಗೆ ಒಂದೇ ಷರತ್ತು ಹಾಕಿದರು. "ನೋಡ್ ಯೋಳು. ನೋಡ್ದೆ ಯೋಳ್ಬ್ಯಾಡ."

ಹಾಗೆ ನಾಲ್ಕು ತಿಂಗಳು ನಡೆಯಿತು. ಬೆಳಿಗ್ಗೆ ಅವರು ಶೆಡ್ಡಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಮೀಟರ್ ಮುಂದೆ ನಿಂತು ಒಂದೊಂದೇ ಅಂಕಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೂಡಿ ಕಳೆದು ಭಾಗಿಸಿ, ನನ್ನ ಫೋನಿನ ಕ್ಯಾಲ್ಕುಲೇಟರಿಗಿಂತ ಮೊದಲು ಉತ್ತರ ಕೊಡುತ್ತಿದ್ದರು. ನನಗೆ ಬೇಜಾರಾದ ದಿನ ಬೇರೆಯವರ ದನಿಯಲ್ಲಿ ಅಂಕಿ ಹೇಳುತ್ತಿದ್ದೆ, ಡಾಕ್ಟ್ರಮ್ಮನ ದನಿ, ಬೈಲಕುಪ್ಪೆ ಅಜ್ಜನ ದನಿ. ಅವರು ಕಣ್ಣು ತೆರೆಯದೆ ನಗುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿ ಅವರು ಶೇವ್ ಮಾಡಿಕೊಂಡು ಬರುತ್ತಿದ್ದರು. ತಡಕಾಡಿ ಮಾಡಿಕೊಂಡ ಗಾಯಗಳು ಗದ್ದದ ಮೇಲಿರುತ್ತಿದ್ದವು.

ಅದು ಒಂದು ಸೋಮವಾರ, ಕೋಟೆಗೆ ಹೋಗುವ ದಿನ. ಆರ್ಕೆಸ್ಟ್ರಾದವನ ಜೊತೆ ಫೋನಿನಲ್ಲಿ ಜಗಳವಾಡುತ್ತಲೇ ಶೆಡ್ಡಿಗೆ ಬಂದೆ. ಮೆಟ್ಟಿಲ ಮೇಲೆ ಅವರು ಕಾಯುತ್ತಿದ್ದರು. ನಾನು ಮೀಟರಿನ ತನಕ ಹೋಗಲಿಲ್ಲ. ಚಾರ್ಜಿಗೆ ಹಾಕಿದ ರಾತ್ರಿಗೆ ಹನ್ನೊಂದು ಯೂನಿಟ್ ತಾನೇ, ಹಿಂದಿನ ರೀಡಿಂಗಿಗೆ ಹನ್ನೊಂದು ಸೇರಿಸಿ, ಫೋನಿಗೆ ಕೈ ಅಡ್ಡ ಹಿಡಿದು ಒಂದು ನಂಬರ್ ಹೇಳಿದೆ.

ಅವರು ಕೂಡಲಿಲ್ಲ, ಕಳೆಯಲಿಲ್ಲ. ಕಣ್ಣು ತೆರೆದು ನನ್ನ ದನಿ ಬಂದ ಕಡೆ ತಿರುಗಿದರು.

"ರಾತ್ರಿಯೆಲ್ಲ ಕರೆಂಟ್ ಇರ್ನಿಲ್ಲ ಕಣೋ. ನನ್ ಫ್ಯಾನೇ ನಿಂತಿತ್ತು. ಮೀಟ್ರು ಎಂಗ್ ಓಡ್ತು?"

ಸಿಕ್ಕಿಬಿದ್ದವನು ಸುಮ್ಮನಿರಬೇಕಿತ್ತು. ನಾನು ಅವರದೇ ದನಿ ತೆಗೆದೆ. "ಮುಂದಿನ್ ರೀಡಿಂಗ್‌ಗೆ ಸೇರ್ಕತದೆ ಬುಡ್ಲಾ!"

ಅವರು ನಗಲಿಲ್ಲ. ಕಂಬ ಹಿಡಿದು ಎದ್ದರು.

"ಆ ಸಾಲು ಖಾಲಿ ಬುಡು," ಅಂದರು. "ಸುಳ್ ಬರೀಬ್ಯಾಡ."

ಅಂದು ಮುಂದಿನ ಸೀಟಿಗೆ ಅವರು ಬರಲಿಲ್ಲ. ಮಂಗಳವಾರ ಮೆಟ್ಟಿಲ ಮೇಲೂ ಇರಲಿಲ್ಲ. ಮುನಿಸು, ಎರಡು ದಿನದಲ್ಲಿ ಇಳಿಯುತ್ತದೆ ಅಂದುಕೊಂಡೆ. ಗುರುವಾರ ರೂಮಿಗೆ ಹೋದರೆ, ಮನೆ ಮಾಲೀಕರ ಹೆಂಡತಿ ಹೇಳಿದರು: ಸೋಮವಾರ ಸಂಜೆ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟಕ್ಕೆ ಪೆಟ್ಟಾಯಿತು, ಅಕ್ಕನ ಮಗಳು ಬಂದು ಕರೆದುಕೊಂಡು ಹೋದಳು, ಕೆ.ಆರ್. ನಗರದಾಚೆ ಎಲ್ಲೋ. ಫೋನ್ ನಂಬರ್ ನನ್ನ ಬಳಿ ಇತ್ತು. ಎಷ್ಟೋ ಸಲ ತೆಗೆದೆ. ಮೊದಲ ಮಾತು ಯಾರ ದನಿಯಲ್ಲಿ ಆಡುವುದೆಂದು ಗೊತ್ತಾಗದೆ ಜೇಬಿಗೆ ಹಾಕಿಕೊಂಡೆ. ಶುಕ್ರವಾರದ ಕ್ಯಾಂಪಿಗೆ ಕೆ.ಆರ್. ನಗರಕ್ಕೆ ಎಂಟು ಸಲ ಹೋಗಿ ಬಂದೆ. ಅಲ್ಲಿಂದ ಅವರ ಊರಿಗೆ ಆರೇ ಕಿಲೋಮೀಟರ್ ಎಂದು ತಿಳಿದದ್ದು ಒಂಬತ್ತನೆಯ ಸಲ. ಅವರು ತೀರಿಕೊಂಡ ಸುದ್ದಿ ಬಂದು, ಅಂದು ನಾನೂ ಡಾಕ್ಟ್ರಮ್ಮನೂ ಹಾರ ತೆಗೆದುಕೊಂಡು ಹೋದೆವು.

ಅಕ್ಕನ ಮಗಳು ನಮ್ಮನ್ನು ಒಳಗೆ ಕೂರಿಸಿದಳು. "ದಿನಾ ಬೆಳಗೆದ್ದು ಕೇಳೋರು," ಅಂದಳು. "ಮೀಟ್ರು ಎಷ್ಟದೆ ನೋಡ್ ಯೋಳವ್ವಾ ಅನ್ನೋರು. ಇದೇನ್ ಮಾವ ಅಂತ ಮೊದ್ಲು ಬೈತಿದ್ದೆ. ಆಮೇಕೆ ನೋಡ್ ಯೋಳ್ತಿದ್ದೆ. ಯೋಳುದ್ರೆ ಕಾಫಿ ಕುಡಿಯೋರು." ನನ್ನನ್ನು ಒಂದು ಕ್ಷಣ ನೋಡಿ, "ಕಾರಿನ ಉಡ್ಗ ನೀನೇನಾ? ಮಾವ ನಿನ್ ಥರ ಮಾತಾಡ್ ತೋರ್ಸೋರು," ಅಂದಳು. "ನೀನ್ ನಗ್ತಾ ನಗ್ತಾ ಮಾತಾಡೋದ್ನ."

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಡಾಕ್ಟ್ರಮ್ಮ ಪುಸ್ತಕ ಕೇಳಿದರು. ಅರ್ಧ ದಾರಿಯಲ್ಲಿ ಬ್ಯಾಟರಿ ಮುಗಿದು ಇಂಜಿನ್ ಎದ್ದಿತು. ಕಿಲೋಮೀಟರ್ ಎಷ್ಟಾಯ್ತೋ ಅಂದರು. ನೋಡಿ ಹೇಳಿದೆ. ಬರೆದುಕೊಂಡರು. ಆಮೇಲೆ ಹಿಂದಿನ ಹಾಳೆಗಳನ್ನು ತಿರುವುತ್ತ ಕೂತರು. ಕೆಂಪು ಶಾಯಿಯ ತಿದ್ದುಪಡಿಗಳು, ಹುಣಿಸೆಮರಗಳು, ಮೂರರ ಮೇಲೆ ಎಂಟು, ಎಂಟರ ಮೇಲೆ ಮೂರು, ಕೊನೆಗೆ ನನ್ನ ಕೋಳಿಕಾಲಿನ ಅಕ್ಷರ.

"ಇದೊಂದು ಸೋಮವಾರ ಯಾಕೋ ಖಾಲಿ ಇದೆ? ಅವತ್ತು ಅವರು ಬಂದಿರ್ಲಿಲ್ವಾ?"

ಕನ್ನಡಿಯಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು. ಪವರ್ ಕಟ್ ಅನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಬಂದಿದ್ರು ಮೇಡಂ," ಅಂದೆ. "ನಾನು ನೋಡ್ಲಿಲ್ಲ."